ಐದು ಬಾಟಲಿ ಕಟ್ಟನ್ ಚಾಯ

ಎಡಪ್ಪಳ್ಳಿ ಜಂಕ್ಷನ್ನಿನ ಹಿಂದಿನ ಓಣಿ, ಭಾನುವಾರ ಬೆಳಗಿನ ಐದೂವರೆ. ಹುಡುಗರ ಖಾಸಗಿ ಹಾಸ್ಟೆಲೊಂದರ ಅಡುಗೆಮನೆಯಲ್ಲಿ ವಾರಿಜಾ ಹಬೆಯಲ್ಲಿ ಬೇಯಿಸುವ ಪುಟ್ಟಿನ ಕೊಳವೆಗೆ ಅಕ್ಕಿಹಿಟ್ಟು, ಕಾಯಿತುರಿ ತುಂಬುತ್ತಿದ್ದಾರೆ. ಹಾಸ್ಟೆಲಿನಲ್ಲಿರುವುದು ಅರವತ್ತೆರಡು ಹುಡುಗರು. ಭಾನುವಾರ ತಿಂಡಿಗೆ ಮೂವತ್ತು ಮಂದಿ ಬಂದರೆ ಹೆಚ್ಚು.

“ಶನಿವಾರ ಟೆರೇಸಿನಲ್ಲಿ ಸೀನಿಯರ್‌ಗಳ ಪಾರ್ಟಿ. ವಾರ್ಡನ್ನರಿಗೆ ಗೊತ್ತೇ ಇಲ್ಲವಂತೆ! ನಾನು ನಂಬುದಿಲ್ಲ” ಎನ್ನುತ್ತಾರೆ.

ಐವತ್ತಮೂರರ ವಾರಿಜಾ ಕಾಸರಗೋಡಿನವರು, ಹುಡುಗರಿಗೆಲ್ಲ ಅಕ್ಕ, ‘ಚೇಚಿ’. ಇಲ್ಲಿ ಒಲೆ ಹಿಡಿದು ಹನ್ನೊಂದು ವರ್ಷ. ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಅವರ ತಮ್ಮ ಕಾಲೇಜಿಗೆ ಹೋಗಿ ಕುಡಿತ ಕಲಿತು, ಓದು ಬಿಟ್ಟ. “ಕಲಿಸಿದ್ದು ಯಾರು ಅಂತ ಕಡೆಗೂ ಗೊತ್ತಾಗ್ಲಿಲ್ಲ. ಎಲ್ಲರೂ ಒಳ್ಳೇ ಮಕ್ಕಳೇ ಅಲ್ವಾ?”

ಕಳೆದ ವರ್ಷ ಸುಮಂತ್ ಬಂದ. ತಿರುವನಂತಪುರದ ಕನ್ನಡ ಮನೆಯ ಹುಡುಗ. ಅಪ್ಪ ಬಾಹ್ಯಾಕಾಶ ಕೇಂದ್ರದಲ್ಲಿ ನೌಕರ. ಪ್ರತಿ ಶನಿವಾರ ಒಂದು ಬಾಟಲಿ ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ ಕೇಳುತ್ತಿದ್ದ. ಮದ್ಯ ಬೆರೆಸಲಿಕ್ಕೇ ಇರಬೇಕೆಂದು ವಾರಿಜಾರಿಗೆ ಅನುಮಾನ. ಮರುದಿನ ಖಾಲಿ ಬಾಟಲಿ ಮೂಸಿದರು. ಬರೀ ಚಹಾದ ವಾಸನೆ. ಅವನನ್ನೇ ಹಿಡಿದು ಕೇಳಿದರು.

“ಗ್ಲಾಸಿಗೆ ಹಾಕಿದ್ರೆ ರಮ್ ಥರಾನೇ ಕಾಣತ್ತೆ ಚೇಚಿ. ಕುಡೀದೇ ಇದ್ರೆ ಸೀನಿಯರ್ಸ್ ನೋಟ್ಸ್ ಕೊಡಲ್ಲ, ಫುಟ್‌ಬಾಲ್ ಟೀಮಿಗೆ ಸೇರಿಸಲ್ಲ. ಎಲ್ರೂ ಕುಡೀತಾರೆ, ನಾನೊಬ್ಬನೇ ಹೀಗೆ. ಪ್ಲೀಸ್, ಯಾರಿಗೂ ಹೇಳ್ಬೇಡಿ.”

ವಾರಿಜಾ ಮಾತು ಕೊಟ್ಟರು. ಎರಡು ವಾರಕ್ಕೆ ಇನ್ನೊಬ್ಬ ಚಾಯ ಕೇಳಿಕೊಂಡು ಬಂದ. ಆಮೇಲೆ ಮತ್ತೊಬ್ಬ. ತಮ್ಮನ್ನು ಏಮಾರಿಸುತ್ತಿದ್ದಾರೆಯೇ ಎಂದು ಅವರ ಬಾಟಲಿಗಳನ್ನೂ ಮೂಸಿದರು. ನವೆಂಬರಿಗೆ ಐದು ಮಂದಿಯಾದರು. ಐವರದೂ ಒಂದೇ ಮಾತು: ಉಳಿದವರೆಲ್ಲ ಕುಡಿಯುತ್ತಾರೆ, ನಾನೊಬ್ಬನೇ ಹೀಗೆ.

ಒಂದು ಶನಿವಾರ ವಾರಿಜಾ ಐವರನ್ನೂ, ಒಬ್ಬರಿಗೆ ಇನ್ನೊಬ್ಬರ ಸುದ್ದಿ ಹೇಳದೆ, ಸಂಜೆ ನಾಲ್ಕಕ್ಕೇ ಅಡುಗೆಮನೆಗೆ ಬರಹೇಳಿದರು. ಒಬ್ಬೊಬ್ಬರಾಗಿ ಬಂದ ಹುಡುಗರು ಪರಸ್ಪರ ಕಳ್ಳರನ್ನು ನೋಡುವಂತೆ ನೋಡಿದರು. ಮೇಜಿನ ಮೇಲೆ ಐದು ಬಾಟಲಿ. ಮೊದಲು ನಕ್ಕವನು ಸುಮಂತ್. ಅಂದು ಯಾರೂ ಟೆರೇಸಿಗೆ ಹೋಗಲಿಲ್ಲ.

“ಮಾತು ತಪ್ಪಿದೆ, ಹೌದು. ಒಬ್ಬ ಹುಡುಗ ಒಂದು ತಿಂಗಳು ನನ್ನತ್ರ ಮಾತಾಡ್ಲಿಲ್ಲ. ಇಬ್ಬರನ್ನು ಟೀಮಿನಿಂದ ತೆಗೆದ್ರು. ಎಂತ ಮಾಡುದು?”

ಟೆರೇಸಿನ ಪಾರ್ಟಿ ಈಗಲೂ ನಿಂತಿಲ್ಲ. ವಾರಿಜಾ ಬೆಂಕಿ ತಗ್ಗಿಸಿ, ಮಹಡಿಯ ಮುಚ್ಚಿದ ಕಿಟಕಿಗಳ ಕಡೆ ಕಣ್ಣು ಹಾಯಿಸುತ್ತಾರೆ.

“ಅಲ್ಲಿ ಮಲಗಿದವರಲ್ಲಿ ಎಷ್ಟು ಮಂದಿ ನಿಜವಾಗಿ ಬೇಕಂತ ಕುಡಿದದ್ದು? ನಂಗೆ ಸಂಶಯ ಉಂಟು. ಚಾಯ ಕೇಳ್ಲಿಕ್ಕೆ ನಾಚಿಕೆಯಾಗಿ ಕುಡಿದವರೂ ಇರ್ಬಹುದು. ಅವರು ಒಂದ್ಸಲ ಬಂದು ಕೇಳಿದ್ರೆ ಸಾಕಿತ್ತು.”