ಒಂದು ದಿನದ ಪಾಸು

ಹೈದರಾಬಾದಿಗೆ ಹೋಗಿ ಚಾರ್ಮಿನಾರ್ ಹತ್ತದೆ, ಗೋಲ್ಕೊಂಡದ ಕೋಟೆಯೊಳಗೆ ಕಾಲಿಡದೆ, ಒಂದು ಡಜನ್ ಬಳೆಯನ್ನೂ ತೊಡದೆ ಹಿಂದಿರುಗಿದ ಹೆಂಗಸು ನಾನೊಬ್ಬಳೇ ಇರಬೇಕು. ಯಾರಾದರೂ ಕೇಳಿದರೆ ಹೈದರಾಬಾದು ನೋಡಿದ್ದೇನೆ ಎಂದೇ ಹೇಳುತ್ತೇನೆ. ಅದು ಸುಳ್ಳೂ ಅಲ್ಲ. ಒಂದೇ ದಿನದಲ್ಲಿ ಚಾರ್ಮಿನಾರನ್ನು ಐದು ಸಲ ನೋಡಿದ್ದೇನೆ, ಬಸ್ಸಿನ ಕಿಟಕಿಯಿಂದ. ಇದಕ್ಕೆಲ್ಲ ಕಾರಣ ನಮ್ಮವರು ಮತ್ತು ಅವರು ಆರಿಸಿದ ಪಾಸು.

ನನ್ನ ತವರು ಸಂತೆಕಲ್ಲೂರು. ಮಳೆ ಬಂದರೆ ಜೋಳ, ತೊಗರಿ, ಬಾರದಿದ್ದರೆ ಏನೂ ಇಲ್ಲ ಎನ್ನುವ ಊರು. ನನ್ನನ್ನು ಕೊಟ್ಟದ್ದು ಸಿಂಧನೂರಿನ ಆಚೆಯ ಒಂದು ಹಳ್ಳಿಗೆ. ಅಲ್ಲಿಗೆ ಆಗತಾನೇ ಕಾಲುವೆಯ ನೀರು ಬಂದಿತ್ತು. ಕಳಿಸಿಕೊಡುವಾಗ ತವರಿನ ಹೆಂಗಸರು, "ಪುಣ್ಯ ಮಾಡಿದಿ ಬಿಡವಾ, ದಿನಾ ಅನ್ನ ಉಣ್ಣೋ ಮನಿಗೆ ಹೊಂಟಿ" ಎಂದಿದ್ದರು. ಅನ್ನ ಉಂಡದ್ದು ನಿಜ. ಆದರೆ ಹದಿನಾಲ್ಕು ಮಂದಿ ಇದ್ದ ಆ ಮನೆಯಲ್ಲಿ ಹಗಲು ಹೊತ್ತು ಗಂಡ ಹೆಂಡತಿ ಎದುರು ಬದುರು ನಿಂತು ಮಾತಾಡುವಂತಿರಲಿಲ್ಲ. ರಾತ್ರಿ ಪಡಸಾಲೆಯ ತುಂಬ ಮಂದಿ. ಗಂಡನ ಜೊತೆ ನಾಲ್ಕು ಮಾತು ಆಡುವುದು ಕಾಲುವೆಯ ಕೊನೆಯ ಹೊಲಕ್ಕೆ ನೀರು ತಲುಪಿದಷ್ಟೇ ಅಪರೂಪವಾಗಿತ್ತು.

ಮದುವೆಯಾದ ಎರಡನೆಯ ವರ್ಷ ನನಗೊಂದು ಗಂಡು ಕೂಸು ಹುಟ್ಟಿತು. ಹೆರಿಗೆಗೆ ತವರಿಗೆ ಕಳಿಸುವ ಮೊದಲೇ, ದಿನ ತುಂಬುವ ಮೊದಲೇ ಬಂದುಬಿಟ್ಟಿತು. ನಾಲ್ಕು ದಿನ ಇತ್ತು. ಐದನೆಯ ದಿನ ಬೆಳಗ್ಗೆ ಇರಲಿಲ್ಲ. ಹೆಸರಿಡದ ಕೂಸಿಗೆ ನಮ್ಮ ಮನೆಯಲ್ಲಿ ಬಾಯಿ ತೆಗೆದು ಅಳುವ ರೂಢಿ ಇರಲಿಲ್ಲ. ಅತ್ತರೆ ಮುಂದಿನ ಕೂಸಿಗೆ ಕೇಡು ಎನ್ನುತ್ತಿದ್ದರು. ಅಪ್ಪನಾದವನು ಒಬ್ಬನೇ ಎತ್ತಿಕೊಂಡು ಹೋಗಿ ಹೊಲದಲ್ಲಿ ಮಣ್ಣು ಮಾಡಿ ಬರಬೇಕು. ಎಲ್ಲಿ ಎಂದು ತಾಯಿಗೆ ಹೇಳಬಾರದು, ತಾಯಿ ಕೇಳಲೂಬಾರದು. ನಮ್ಮವರು ಹೋದರು, ಬಂದರು, ಕೈಕಾಲು ತೊಳೆದುಕೊಂಡು ಎತ್ತಿಗೆ ಮೇವು ಹಾಕಿದರು.

ಅಂದಿನಿಂದ ನನ್ನೊಳಗೆ ಒಂದೇ ಪ್ರಶ್ನೆ. ಎಲ್ಲಿ ಇಟ್ಟು ಬಂದಿರಿ? ಹೊಲಕ್ಕೆ ಬುತ್ತಿ ಒಯ್ಯುವಾಗ ಪ್ರತಿ ಹೆಜ್ಜೆಯನ್ನೂ ನೋಡಿ ಇಡುತ್ತಿದ್ದೆ. ಗೊತ್ತಿಲ್ಲದೆ ತುಳಿದುಬಿಟ್ಟೆನೇನೋ ಎಂದು ಜೀವ ಹಾರುತ್ತಿತ್ತು. ಕಳೆ ತೆಗೆಯಲು ಕೂತರೆ ಕುರ್ಪಿ ಆಳಕ್ಕೆ ಹಾಕಲು ಕೈ ಬರುತ್ತಿರಲಿಲ್ಲ. ಕೇಳೋಣವೆಂದರೆ ಕೇಳುವ ಜಾಗವಿಲ್ಲ, ಕೇಳುವ ಹೊತ್ತಿಲ್ಲ. ಒಂದು ವರ್ಷದ ಮೇಲೆ ಹೀಗೇ ಹೋಯಿತು.

ಸುಗ್ಗಿ ಮುಗಿದ ಮೇಲೆ ಒಂದು ದಿನ ಅತ್ತೆಯೇ ಮಾತು ತೆಗೆದರು. "ಇಬ್ಬರೂ ಹೋಗಿ ಹೈದರಾಬಾದ ನೋಡಿ ಬರ್ರಿ. ಇಕಿ ಮಾರಿ ನೋಡಾಕ ಆಗವಲ್ದು ನನಗ. ಮೇವು ಬಿಟ್ಟ ದನದಂಗ ಆಗ್ಯಾಳ." ಮುಖ ಗಂಟಿಕ್ಕಿಕೊಂಡೇ ಒಳ್ಳೆಯದು ಮಾಡುವ ಹೆಂಗಸು ನಮ್ಮತ್ತೆ. ಬೈದರೋ ಹರಸಿದರೋ ಎಂದು ನಾನು ಯೋಚಿಸುವಷ್ಟರಲ್ಲಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಇಟ್ಟಿದ್ದರು.

ಹೊರಟಾಗ, ದಾರಿಯಲ್ಲಿ ಕೇಳಿದರಾಯಿತು ಎಂದುಕೊಂಡಿದ್ದೆ. ರಾಯಚೂರಿನ ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ರೈಲಿನಲ್ಲಿ ಎದುರಿಗೆ ಲಿಂಗಸುಗೂರಿನ ಒಂದು ದೊಡ್ಡ ಕುಟುಂಬ ಕೂತಿತ್ತು. ಯಾರ ಪೈಕಿ, ಯಾವ ಮನೆತನ ಎಂದು ಕೇಳಿ ಕೇಳಿ ನಮ್ಮನ್ನು ದೂರದ ನೆಂಟರನ್ನಾಗಿ ಮಾಡಿಕೊಂಡೇ ಬಿಟ್ಟರು. ನಾನು ತಲೆ ತುಂಬ ಸೆರಗು ಹೊದ್ದು ಕೂತೆ. ಹೈದರಾಬಾದಿನ ಧರ್ಮಶಾಲೆಯಲ್ಲೂ ಅದೇ ಹಣೆಬರಹ. ಗಂಡಸರಿಗೊಂದು ದೊಡ್ಡ ಕೋಣೆ, ಹೆಂಗಸರಿಗೊಂದು ದೊಡ್ಡ ಕೋಣೆ. ಇನ್ನು ಉಳಿದದ್ದು ಊರು ನೋಡುವ ಹೊತ್ತು ಮಾತ್ರ.

ಮರುದಿನ ಬೆಳಗ್ಗೆ ಸಿಟಿ ಬಸ್ ನಿಲ್ದಾಣದ ಕಿಟಕಿಯ ಮುಂದೆ ನಿಂತೆವು. ನಮ್ಮವರು ನಿಜಾಮನ ಕಾಲದಲ್ಲಿ ನಾಲ್ಕು ಇಯತ್ತೆ ಉರ್ದು ಓದಿದವರು, ಆ ಉರ್ದುವನ್ನು ಅಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡವರು. ಒಳಗಿದ್ದ ಗುಮಾಸ್ತನ ಹತ್ತಿರ ಅದನ್ನೆಲ್ಲ ಒಟ್ಟಿಗೆ ಸುರಿದರು. ಗುಮಾಸ್ತ ತಾಳ್ಮೆಯವನು, ಎಲ್ಲ ಕೇಳಿ ಎರಡು ಬಗೆಯ ಪಾಸು ತೋರಿಸಿದ. ಒಂದು, ಒಂದೇ ದಾರಿಯದು. ಆ ದಾರಿಯ ಬಸ್ಸುಗಳಲ್ಲಿ ಮೂರು ದಿನ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಇನ್ನೊಂದು, ಇಡೀ ಊರಿನದು. ಯಾವ ಬಸ್ಸಾದರೂ ಸರಿ, ಆದರೆ ಒಂದೇ ದಿನ, ರಾತ್ರಿ ಎಂಟರವರೆಗೆ.

ನನಗೆ ಮೂರು ದಿನದ್ದು ಬೇಕಾಗಿತ್ತು. ನನ್ನ ಪ್ರಶ್ನೆ ಹೊಟ್ಟೆಯಿಂದ ಬಾಯಿಗೆ ಬರಲು ಎರಡು ದಿನವಾದರೂ ಹಿಡಿಯುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ಗುಮಾಸ್ತನ ಎದುರು ಹೇಳುವುದು ಹೇಗೆ?

"ಮೂರು ದಿನದ್ದ ತಗೋರಿ" ಎಂದೆ ಮೆಲ್ಲಗೆ.

"ಒಂದ ದಾರಿ ಹಿಡಕೊಂಡು ಮೂರು ದಿನ ಏನ್ ಮಾಡ್ತಿ? ಗಾಣದ ಎತ್ತಿನಂಗ ತಿರುಗೂದೇನು? ಇದಾದ್ರ ಇಡೀ ಊರ ನಮ್ದು."

"ಒಂದ ದಿನ ಸಾಲಂಗಿಲ್ರೀ."

"ಏನಕ್ಕ ಸಾಲಂಗಿಲ್ಲ?"

ಹಿಂದೆ ನಿಂತವರು ಗೊಣಗತೊಡಗಿದರು. ನಮ್ಮವರು ಇಡೀ ಊರಿನ ಪಾಸನ್ನೇ ಎರಡು ಕೊಂಡು, ಅಂಗಿಯ ಒಳಕಿಸೆಯಲ್ಲಿಟ್ಟು, ಮೇಲಿಂದ ಒಮ್ಮೆ ಒತ್ತಿ ನೋಡಿಕೊಂಡರು. ನನಗೆ ಅಳುವೇ ಬಂತು. ಮೂರು ದಿನ ಇದ್ದದ್ದು ಒಂದು ದಿನವಾಗಿಹೋಯಿತು.

ಬಂದದ್ದು ಎರಡು ಅಂತಸ್ತಿನ ಬಸ್ಸು. ಕೆಳಗೆ ಹೆಂಗಸರಿಗೆ ಬೇರೆ ಸೀಟು ಇತ್ತು. ನಾನು ರೂಢಿಯಂತೆ ಅತ್ತ ಹೊರಟೆ. ನಮ್ಮವರು ಮೆಟ್ಟಿಲ ಮೇಲೆ ನಿಂತು, "ಇಲ್ಲಿ ನಮ್ಮೂರವರು ಯಾರದಾರ? ಮ್ಯಾಲ ಬಾ" ಎಂದರು. ಹತ್ತಿದೆ. ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತೆವು. ಮದುವೆಯ ದಿನ ಹಸೆಮಣೆಯ ಮೇಲೆ ಕೂತ ಮೇಲೆ ಹೀಗೆ ಬೆಳಕಿನಲ್ಲಿ, ಭುಜಕ್ಕೆ ಭುಜ ತಾಗಿ ಕೂತದ್ದು ಅದೇ ಮೊದಲು. ಆ ಸುಖ ಎಂಥದೆಂದು ಇವತ್ತೂ ಹೇಳಲಾರೆ. ಆ ಸೀಟು ನನಗೆ ಈಗಲೂ ಬೇಕು ಅನ್ನಿಸುತ್ತದೆ.

ಚಾರ್ಮಿನಾರ್ ಬಂತು. ನಾನು ಎದ್ದೆ. ಅವರು ಏಳಲಿಲ್ಲ.

"ಇಳೀರಿ, ನೋಡಿ ಬರೂಣು."

"ಇಲ್ಲಿಂದನ ಕಾಣಸ್ತೈತಲ್ಲ. ಕೂಡು. ಪಾಳಿ ನಡದೈತಿ, ಈಗ ಇಳದ್ರ ಹೆಂಗ?"

ಅವರ ತಲೆಯಲ್ಲಿ ಏನಿದೆ ಎಂದು ಆಗ ತಿಳಿಯಿತು. ಕಾಲುವೆಯ ಸೀಮೆಯಲ್ಲಿ ನೀರಿಗೆ ಪಾಳಿ ಇರುತ್ತದೆ. ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ನಿನ್ನ ಹೊಲಕ್ಕೆ ಎಂದು ಕೊಟ್ಟಮೇಲೆ ಊಟ ನಿದ್ದೆ ಬಿಟ್ಟು ಬದುವಿನ ಮೇಲೆ ಕೂತಿರಬೇಕು. ಎದ್ದು ಹೋದರೆ ನೀರು ಪಕ್ಕದವನ ಪಾಲು. ನಮ್ಮವರಿಗೆ ಆ ಪಾಸೂ ಒಂದು ಪಾಳಿ. ಕೆಳಗಿಳಿದ ಪ್ರತಿ ಗಳಿಗೆಯೂ ದಂಡ. ಮೂರನೆಯ ಸಲ ಅದೇ ಬಸ್ಸಿನಲ್ಲಿ ನಮ್ಮನ್ನು ಕಂಡ ಕಂಡಕ್ಟರ್, ಇಳಿದು ನೋಡಿ ಮತ್ತೆ ಹತ್ತಿದರೂ ಪಾಸು ಕೆಡುವುದಿಲ್ಲ ಎಂದು ಉರ್ದುವಿನಲ್ಲಿ ಬಿಡಿಸಿ ಹೇಳಿದ. ನಮ್ಮವರು ತಲೆಯಾಡಿಸಿ, ಶುಕ್ರಿಯಾ ಎಂದು, ಕೂತಲ್ಲೇ ಕೂತರು. ಒಂದು ಬಸ್ಸು ಕೊನೆ ಮುಟ್ಟಿದರೆ ಇನ್ನೊಂದು. ಗೋಲ್ಕೊಂಡದ ದಾರಿಯ ಬಸ್ಸು, ಸಿಕಂದರಾಬಾದಿನ ಬಸ್ಸು, ಯಾವ ಊರಿಗೋ ಏನೋ ಇನ್ನೊಂದು ಬಸ್ಸು. ಒಂದು ಕಡೆ ಬಸ್ಸು ತಿರುಗಲು ನಿಂತಾಗ ಸೀಟಿನ ಮೇಲೆಯೇ ರೊಟ್ಟಿ ಬಿಚ್ಚಿ ತಿಂದೆವು.

ನನಗೆ ಸಿಟ್ಟೂ ಬಂತು, ನಗುವೂ ಬಂತು. ಆಮೇಲೆ ಹೊತ್ತು ಜಾರುತ್ತಿದೆ ಎಂಬ ಭಯ ಬಂತು. ಇವತ್ತು ಬಿಟ್ಟರೆ ಊರಿಗೆ ಹೋದಮೇಲೆ ಎಲ್ಲಿಯ ಮಾತು? ರೊಟ್ಟಿಯ ಬಟ್ಟೆಯನ್ನು ಮಡಚುತ್ತ, ಅದನ್ನೇ ನೋಡುತ್ತ ಕೇಳಿಬಿಟ್ಟೆ.

"ಕೂಸಿನ್ನ ಎಲ್ಲಿ ಇಟ್ಟ್ರಿ?"

ಬಸ್ಸು ಹೊರಟಿತು, ಕೊನೆ ಮುಟ್ಟಿತು. ಇನ್ನೊಂದು ಹತ್ತಿದೆವು, ಅದೂ ಕೊನೆ ಮುಟ್ಟಿತು. ಕೇಳಬಾರದ್ದನ್ನು ಕೇಳಿದೆ, ಇನ್ನು ಇವರು ನನ್ನೊಡನೆ ಮಾತು ಬಿಟ್ಟರು ಎಂದುಕೊಂಡೆ. ಬೀದಿಯ ದೀಪಗಳು ಹತ್ತಿಕೊಳ್ಳುವ ಹೊತ್ತಿಗೆ ಅವರು ಎದುರಿನ ಗಾಜನ್ನೇ ನೋಡುತ್ತ ಬಾಯಿ ತೆರೆದರು.

"ಕೆಳಗಿನ ಹೊಲದ ಬಡಗಣ ಮೂಲ್ಯಾಗ. ಹೊಲದ ಕಾಲುವಿ ಸೊಟ್ಟ ಹೋಗೈತಲ್ಲ, ಅಲ್ಲಿ."

ಆ ಸೊಟ್ಟ ಕಾಲುವೆ ನನಗೆ ಚೆನ್ನಾಗಿ ಗೊತ್ತಿತ್ತು. ಕೂಸು ಹೋದ ಕೆಲವು ತಿಂಗಳಿಗೆ ಅಳತೆಯವರು ಹಾಕಿದ ಗೆರೆ ನೆಟ್ಟಗೆ ಆ ಜಾಗದ ಮೇಲೆಯೇ ಬಂದಿತ್ತಂತೆ. ಅಲ್ಲಿ ನನ್ನ ಕೂಸು ಇದೆ ಎಂದು ಪರರ ಎದುರು ಹೇಳಲು ಬಾಯಿ ಬರದೆ, ಕೆಳಗೆ ಬಂಡೆ ಇದೆ ಎಂದು ಸುಳ್ಳು ಹೇಳಿ ನಮ್ಮವರು ಕಾಲುವೆಯನ್ನು ಸುತ್ತು ಹಾಕಿಸಿ ಒಯ್ದಿದ್ದರು. ಆ ಮೂಲೆಗೆ ನೀರು ಹತ್ತದೆ ಅದು ಒಣಗಿಯೇ ಉಳಿದಿತ್ತು. ಮನೆಯವರೆಲ್ಲ ದಡ್ಡ ಎಂದು ಅವರನ್ನು ಆಡಿಕೊಂಡಿದ್ದರು. ಬುತ್ತಿ ಕೊಡುವಾಗ ನಾನೂ ಒಮ್ಮೆ, "ನೆಟ್ಟಗ ಒಂದು ಕಾಲುವಿ ತಗ್ಯಾಕ ಬರಂಗಿಲ್ಲ ನಿಮಗ" ಎಂದು ಹಂಗಿಸಿದ್ದೆ. ಆಗಲೂ ಅವರು ಸುಮ್ಮನೆ ರೊಟ್ಟಿ ಮುರಿದಿದ್ದರು.

ಇನ್ನು ತುಳಿಯುವ ಭಯವಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಗ ಅವರು ಇನ್ನೊಂದು ಮಾತು ಆಡಿದರು.

"ನೀ ನೋಡೀದಿಯಲ್ಲ. ಹೆಂಗಿದ್ದ?"

ತಿಳಿಯದೆ ಅವರ ಕಡೆ ತಿರುಗಿದೆ.

"ಪುರುಡು ಐತಂತ ನಾಕೂ ದಿನ ನನಗ ಒಳಗ ಬಿಡಲಿಲ್ಲ. ಆಮ್ಯಾಲ ಬಟ್ಟ್ಯಾಗ ಸುತ್ತಿ ಕೈಯಾಗ ಕೊಟ್ರು. ಬಿಚ್ಚಬ್ಯಾಡಂತ ಅವ್ವ ಹೇಳಿದ್ಲು. ನಾ ಮಾರಿ ನೋಡಿಲ್ಲ."

ಒಂದು ವರ್ಷ ನಾನೊಬ್ಬಳೇ ಹೊತ್ತು ತಿರುಗಿದೆ ಎಂದುಕೊಂಡಿದ್ದೆ. ಅವರ ಹತ್ತಿರವೂ ಒಂದು ಪ್ರಶ್ನೆ ಇತ್ತು. ಹೇಳಿದೆ. ಹಣೆ ಅಗಲ ಇತ್ತು ಎಂದೆ. ಕೂದಲು ತುಂಬ ಇತ್ತು, ಕೆಳದುಟಿ ನಿಮ್ಮದೇ, ಬೆರಳು ಉದ್ದ, ಮುಷ್ಟಿ ಬಿಗಿದರೆ ಬಿಡಿಸಲು ಆಗುತ್ತಿರಲಿಲ್ಲ ಎಂದೆ. "ಮತ್ತ?" ಎಂದರು. ಮತ್ತೂ ಹೇಳಿದೆ. "ಅಳತಿದ್ನೇನು?" ಎಂದರು. ಬೆಕ್ಕಿನ ಮರಿಯ ಹಾಗೆ ಸಣ್ಣಗೆ ಎಂದೆ. ಎಂಟು ಹೊಡೆದು, ಕಂಡಕ್ಟರ್ ಮೇಲೆ ಬಂದು ಪಾಸಿನ ಹೊತ್ತು ಮುಗಿಯಿತು ಎನ್ನುವವರೆಗೂ ಅವರು ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ.

ಮರುದಿನ ರೈಲಿನಲ್ಲಿ, ಎದುರಿಗೆ ತುಂಬ ಮಂದಿ ಕೂತಿರುವಾಗ, ಹೇಳುವುದನ್ನು ಮರೆತ ಒಂದು ಸಂಗತಿ ನೆನಪಾಯಿತು. ಕೂಸಿನ ಎಡಗಿವಿಯ ಹಿಂದೆ ಎಳ್ಳಿನಷ್ಟು ಒಂದು ಮಚ್ಚೆ ಇತ್ತು. ನಮ್ಮವರಿಗೂ ಅಲ್ಲೇ, ಅಷ್ಟೇ ದೊಡ್ಡದು. ತಮ್ಮ ಕಿವಿಯ ಹಿಂದಿನದನ್ನು ಅವರು ಎಂದೂ ಕಂಡವರಲ್ಲ. ಇನ್ನೊಮ್ಮೆ ಹೈದರಾಬಾದಿಗೆ ಹೋದಾಗ ಹೇಳಿದರಾಯಿತು ಎಂದು ಇಟ್ಟುಕೊಂಡೆ. ಆಮೇಲೆ ಮೂವರು ಮಕ್ಕಳಾದರು, ಅತ್ತೆ ಹೋದರು, ಹೊಲ ಹಂಚಿಕೆಯಾಯಿತು. ನಮ್ಮ ಪಾಲಿಗೆ ಬಂದ ಆ ಒಣ ಮೂಲೆಯ ಬದಿಯಲ್ಲಿ ನಾವಿಬ್ಬರೂ ಎಷ್ಟೋ ಸಲ ಕೂತು ಬುತ್ತಿ ಉಂಡೆವು. ಸುತ್ತ ಯಾರಾದರೂ ಇದ್ದೇ ಇರುತ್ತಿದ್ದರು. ಯಾರೂ ಇಲ್ಲದ ದಿನ ನನಗೆ ನಾಚಿಕೆಯಾಗುತ್ತಿತ್ತು. ಹೈದರಾಬಾದಿಗೆ ಮತ್ತೆ ಹೋಗಲಿಲ್ಲ.

ಅವರು ತೀರಿಕೊಂಡ ದಿನ ಸ್ನಾನ ಮಾಡಿಸುವಾಗ ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿದರು. ಕಿವಿಯ ಹಿಂದೆ ಅದು ಕಂಡಿತು. ಊರ ಮಂದಿಯೆಲ್ಲ ಸುತ್ತ ನಿಂತಿದ್ದರು, ಮಕ್ಕಳೂ ಇದ್ದರು. ನಾನು ಬಗ್ಗಿ, ಎಲ್ಲರ ಎದುರೇ, ಅವನಿಗೂ ಇಲ್ಲೇ ಇತ್ತು ಎಂದು ಅವರಿಗೆ ಹೇಳಿದೆ.