ಜಾಕೀರ ಸುಟ್ಟ ಕಾಡು

ದಾಂಡೇಲಿಯಲ್ಲಿ ಕಾಡಿನ ಮಾತಾಡದವರೇ ಇಲ್ಲ. ರೆಸಾರ್ಟಿನವರು ಕಾಡು ತೋರಿಸಿ ಬದುಕುತ್ತಾರೆ, ಕಟ್ಟಿಗೆ ಡಿಪೋದವರು ಅದನ್ನೇ ಅಡ್ಡ ಮಲಗಿಸಿ ಹರಾಜು ಹಾಕುತ್ತಾರೆ. ಅದನ್ನೆಲ್ಲ ಕೆಲಸ ಅನ್ನುತ್ತಾರೆ. ನಸೀರಾ ಗೇಣುದ್ದದ ಮರ ಮಾಡುತ್ತಾಳೆ ಅಂದರೆ ಮಾತ್ರ ಎಲ್ಲರಿಗೂ ನಗು. ಆ ನಗು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ. ಉರಿಯಬೇಕಾದದ್ದೇ.

ಅವಳ ಗಂಡ ಜಾಕೀರನದು ಮೋಟಾರ್ ರಿವೈಂಡಿಂಗ್ ಅಂಗಡಿ. ಹಳಿಯಾಳದ ಕಬ್ಬಿನ ಹೊಲಗಳಲ್ಲಿ ಪಂಪು ಸುಟ್ಟರೆ ಅಲ್ಲಿಗೇ ಬರುತ್ತದೆ. ಸುಟ್ಟ ತಂತಿ ಕಿತ್ತು ಹೊಸದು ಸುತ್ತುವುದು ಅವನ ಕೆಲಸ, ಕಿತ್ತದ್ದು ಗುಜರಿಗೆ. ಆ ಗುಜರಿಯಿಂದ ಒಂದು ಹಿಡಿ ತಾಮ್ರ ತೆಗೆದು ನಸೀರಾ ಒಮ್ಮೆ ಮಗಳು ಆಲಿಯಾಳ ಶಾಲೆಯ ಪ್ರಾಜೆಕ್ಟಿಗೆ ಮರ ಮಾಡಿಕೊಟ್ಟಳು. ಎಳೆಗಳನ್ನು ಒಟ್ಟು ಹಿಡಿದು ಹೊಸೆದರೆ ಬೊಡ್ಡೆ, ಕೆಳಗೆ ಬಿಡಿಸಿದರೆ ಬೇರು, ಮೇಲೆ ಬಿಡಿಸುತ್ತ ಹೋದರೆ ಕೊಂಬೆ. ಫೆವಿಕಾಲಿನಲ್ಲಿ ಕಲಸಿದ ಕಟ್ಟಿಗೆ ಹೊಟ್ಟು ತೊಗಟೆಯಾಯಿತು. ಸ್ಪಂಜನ್ನು ಮಿಕ್ಸರಿಗೆ ಹಾಕಿ ಪುಡಿ ಮಾಡಿ, ಬಣ್ಣ ಬೆರೆಸಿ ಎಲೆ ಮಾಡಿದಳು. ಆ ಮಿಕ್ಸರಿಗಾಗಿ ಮನೆಯಲ್ಲಿ ನಡೆದ ಜಗಳ ಇಲ್ಲಿ ಬೇಡ.

ಶಾಲೆಯಿಂದ ಮರಳಿ ಬಂದು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂತ ಆ ಮರ, ಮೋಟಾರ್ ರಿಪೇರಿಗೆ ಬಂದ ಹುಬ್ಬಳ್ಳಿಯ ಸಂಜೀವಕುಮಾರನ ಕಣ್ಣಿಗೆ ಬಿತ್ತು. ಅವನೂ ಅವನ ಗೆಳೆಯರೂ ಬೆರಳುದ್ದದ ಸೈನಿಕರನ್ನು ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ ಯುದ್ಧ ಆಡುವವರು. ಆ ರಣರಂಗಕ್ಕೆ ಗುಡ್ಡ, ಹೊಳೆ, ಕಾಡು ಎಲ್ಲವೂ ಬೇಕು.

"ಅಕ್ಕಾರ, ಪುಣೆದಾಗ ದೊಡ್ಡ ಆಟ ಐತ್ರಿ. ಮೇಜಿನ ತುಂಬ ಕಾಡು ಮಾಡಿಕೊಡ್ರಿ," ಅಂದ. "ಮಾಡಿದವರು ನಸೀರಾ, ದಾಂಡೇಲಿ ಅಂತ ಮುಂದ ಬೋರ್ಡ್ ಇಡ್ತೇವಿ."

ಅಂಗಡಿಯ ಬೋರ್ಡಿನ ಮೇಲೆ ಗಂಡನ ಹೆಸರಿದೆ, ಮನೆಯ ಬಾಗಿಲಿಗೆ ಮಾವನ ಹೆಸರು. ತನ್ನ ಹೆಸರೂ ಒಂದು ಕಡೆ ನಿಲ್ಲುತ್ತದೆ ಅಂದಾಗ ನಸೀರಾ ಊಟ ನಿದ್ದೆ ಮರೆತು ಕೂತಳು. ಕುಂಬಾರವಾಡದ ಬಸ್ಸಿನ ಕಿಟಕಿಯಿಂದ ಕಂಡ, ಸಿಡಿಲಿಗೆ ತಲೆ ಕಳೆದುಕೊಂಡ ಮತ್ತಿ ಮರ ಮಾಡಿದಳು. ಅತ್ತಿವೇರಿ ಪಕ್ಷಿಧಾಮದ ನೀರಂಚಿನ, ಹಕ್ಕಿ ಹಿಕ್ಕೆ ಬಿದ್ದು ಬೆಳ್ಳಗಾದ ಜಾಲಿ ಮಾಡಿದಳು. ಒಂದರ ಹಾಗೆ ಇನ್ನೊಂದಿರಲಿಲ್ಲ. ಒಣಗಲೆಂದು ರಟ್ಟಿನ ಡಬ್ಬಿಗಳಲ್ಲಿ ನಿಲ್ಲಿಸಿ ಅಂಗಡಿಯ ಅಟ್ಟಕ್ಕೆ ಏರಿಸಿದಳು.

ಭಾನುವಾರ ಸಂಜೀವಕುಮಾರ ಒಯ್ಯಲು ಬರಬೇಕಿತ್ತು. ಶುಕ್ರವಾರ ಅವಳು ಮುಂಡಗೋಡದ ತವರಿಗೆ ಹೋಗಿ ಸಂಜೆ ಮರಳಿದಾಗ ಅಂಗಡಿಯ ಹಿತ್ತಲಲ್ಲಿ ಸುಟ್ಟ ವಾಸನೆ. ಹಳೆ ತಂತಿಯ ವಾರ್ನಿಶ್ ಸುಡುವುದು ಅಲ್ಲಿ ದಿನವೂ ಇದ್ದದ್ದೇ. ಇವತ್ತು ಅದರ ಜೊತೆ ಸ್ಪಂಜಿನ ವಾಸನೆಯೂ ಇತ್ತು. ಅಟ್ಟ ಹತ್ತಿ ನೋಡಿದಳು. ಡಬ್ಬಿಗಳು ಖಾಲಿ. ಒಂದನ್ನು ಹಿಡಿದು ಕೆಳಗಿಳಿದಳು.

"ಇದರಾಗಿನ ಮರ ಎಲ್ಲಿ?"

ಜಾಕೀರ ಕೈಯಲ್ಲಿದ್ದ ಮೋಟಾರಿನಿಂದ ತಲೆ ಎತ್ತಲಿಲ್ಲ. "ಗುಜರಿಯಾಂವ ಬಂದಿದ್ದ. ತೂಕ ಜರಾ ಕಮ್ಮಿ ಬಿತ್ತು, ಮ್ಯಾಲಿಂದೆಲ್ಲ ಸುಟ್ಟು ತಾಮ್ರ ಕೊಟ್ಟೆ. ಮತ್ತ ಮಾಡಿಕೋ. ನಿಂದೇನ, ಟೈಮ್‌ಪಾಸ್."

ತಾಮ್ರ ಅವನದು, ಒಪ್ಪೋಣ. ಬೆರಳು ಯಾರದ್ದು? ತಂತಿಯ ತುದಿ ಚುಚ್ಚಿದ ಗಾಯಕ್ಕೆ ಉಪ್ಪು ಖಾರ ತಾಗಿ ಅಡುಗೆ ಮನೆಯಲ್ಲಿ ಹಲ್ಲು ಕಚ್ಚಿ ನಿಂತವರು ಯಾರು? ತಿಳಿಯದೆ ಸುಟ್ಟಿದ್ದರೆ ಬೇರೆ ಮಾತು. ಮರ ಅಂತ ಗೊತ್ತಿದ್ದೇ ಬೆಂಕಿಗೆ ಹಾಕಿದ್ದ.

ಭಾನುವಾರ ಸಂಜೀವಕುಮಾರ ಬಂದ. ಖಾಲಿ ಡಬ್ಬಿ ನೋಡಿ, "ಇರ್ಲಿ ಬಿಡ್ರಿ ಅಕ್ಕಾರ, ಪ್ಲಾಸ್ಟಿಕ್ ಮರ ಸಿಗ್ತಾವ," ಅಂದು ಹೋದ. ಅವನು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಸೋಮವಾರ ಅಂಗಡಿ ತೆರೆದ ಕೂಡಲೇ ನಸೀರಾ ಕಪಾಟಿನಿಂದ ಹೊಸ ತಂತಿಯ ರೀಲು ಇಳಿಸಿದಳು.

"ಏ, ಅದು ಉಳವಪ್ಪನ ಪಂಪಿಂದು! ಹೊಸಾ ತಂತಿ!"

"ಹಳೇದು ನೀವ ಮಾರಿದ್ರಲ್ಲ? ಕೂಡ್ರಿ. ಒಂದು ಮರ ಮಾಡ್ರಿ."

ಅವಳ ಮುಖ ನೋಡಿ ಜಾಕೀರ ಕೂತ. ಸಾವಿರ ಸುತ್ತು ತಪ್ಪದೆ ಸುತ್ತುವ ಕೈಗೆ ಇದೇನು ಮಹಾ ಅನ್ನುವ ನಗು ಅವನ ಮುಖದಲ್ಲಿತ್ತು. ಆದರೆ ಕೊಂಬೆಗಳೆಲ್ಲ ಛತ್ರಿಯ ಕಡ್ಡಿಗಳ ಹಾಗೆ ಒಂದೇ ಅಳತೆಯಲ್ಲಿ ಬಂದವು. ನಸೀರಾ ಅದನ್ನು ಬಿಚ್ಚಿ ಅವನ ಮುಂದಿಟ್ಟಳು.

"ಇದು ಮೋಟಾರಿನ ಕಾಯಿಲ್, ಮರ ಅಲ್ಲ. ಮತ್ತ ಮಾಡ್ರಿ."

ಎರಡನೆಯದನ್ನೂ ಬಿಚ್ಚಿದಳು. ಅಷ್ಟರಲ್ಲಿ ಹಳಿಯಾಳದಿಂದ ಉಳವಪ್ಪನೇ ಬಂದು ಬಾಗಿಲಲ್ಲಿ ನಿಂತ. "ಜಾಕೀರಭಾಯ್, ನನ್ನ ಪಂಪು ಆತೇನು?"

ಉತ್ತರ ಕೊಟ್ಟವಳು ನಸೀರಾ. "ಇವತ್ತ ಆಗೂದಿಲ್ರಿ ಅಣ್ಣಾರ. ಇವರು ಟೈಮ್‌ಪಾಸ್ ಮಾಡಾಕತ್ತಾರ."

ಉಳವಪ್ಪ ನಕ್ಕು, ನಾಳೆ ಬರುತ್ತೇನೆಂದು ಹೋದ. ಜಾಕೀರ ನಗಲಿಲ್ಲ. ಬಿಸಿಲು ಅಂಗಡಿಯೊಳಗೆ ಬರುವ ಹೊತ್ತಿಗೆ ಅವನ ಬೆರಳ ತುದಿಯಲ್ಲೂ ರಕ್ತ ಜಿನುಗಿತ್ತು. ಕೈಯಲ್ಲಿದ್ದದ್ದನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ.

"ಡಬ್ಬಿಯೊಳಗ ಎಷ್ಟು ಮರ ಇದ್ದುವು?"

"ಬೆಂಕಿಗೆ ಹಾಕೂಮುಂದ ಎಣಿಸಬೇಕಿತ್ತು," ಅಂದಳು ನಸೀರಾ. ಅವನ ಕೈಯಿಂದ ಅದನ್ನೂ ಇಸಿದುಕೊಂಡು ಎಳೆ ಬಿಡಿಸಿ, ತಂತಿಯನ್ನು ಮತ್ತೆ ಅವನ ಮುಂದಿಟ್ಟಳು.