ತೂತಿನ ರೂಪಾಯಿಯ ಮಗಳು

ಗುರುಬಾಯಿಯ ಬಾಯಿಗೆ ಹಿಮಾಯತ್‌ನಗರದ ಹಿಂದಿನ ಗಲ್ಲಿಯೆಲ್ಲ ಅಂಜುತ್ತಿತ್ತು. ತರಕಾರಿಯವನ ಜೊತೆ ತೆಲುಗಿನಲ್ಲಿ, ಹಾಲಿನವನ ಜೊತೆ ಹಿಂದಿಯಲ್ಲಿ, ದೇವರ ಜೊತೆ ಕನ್ನಡದಲ್ಲಿ ಆಕೆಯ ಜಗಳ ನಡೆದೇ ಇರುತ್ತಿತ್ತು. ಆಳಂದದ ಕಡೆಯಿಂದ ಲಗ್ನವಾಗಿ ಹೈದರಾಬಾದಿಗೆ ಬಂದವಳು. ಗಂಡ ಸಿಕಂದರಾಬಾದಿನ ರೈಲ್ವೆಯಲ್ಲಿ ಖಲಾಸಿ. ಆತ ತೀರಿಕೊಂಡ ಮೇಲೆ ಜೋಳದ ರೊಟ್ಟಿ ಬಡಿದು ಕಚೇರಿ ಗುಮಾಸ್ತರ ಹೊಟ್ಟೆ ತುಂಬಿಸಿದಳು, ತನ್ನದನ್ನೂ ತುಂಬಿಸಿಕೊಂಡಳು. ಹಡೆಯಲಿಲ್ಲ, ನಿಜ. ಆದರೆ ಮಕ್ಕಳಿಲ್ಲದವಳು ಎಂದು ಯಾರಾದರೂ ಅಂದೀರಿ, ಹುಷಾರು! ಆಕೆಗೊಬ್ಬ ಮಗಳಿದ್ದಳು. ಕೊಂಡುಕೊಂಡ ಮಗಳು.

ಅದು ಆದದ್ದು ಹೀಗೆ. ಪಕ್ಕದ ಮನೆಯ ಶಿವದೇವಿಗೆ ಎರಡು ಕೂಸು ಹುಟ್ಟಿ ತೊಟ್ಟಿಲಲ್ಲೇ ಹೋಗಿದ್ದವು. ಮೂರನೆಯದು ಹೆಣ್ಣು. ‘ಇದನ್ನ ಮಾರಿಬಿಡ್ರಿ’ ಎಂದರು ಹಿರಿಯರು. ಕೂಸು ಹಡೆದವಳದ್ದೇ ಅಲ್ಲ ಎಂದಾದರೆ ಹಡೆದವಳ ದುರ್ದೈವ ಅದರ ಬೆನ್ನು ಹತ್ತುವುದಿಲ್ಲ ಎಂಬ ನಂಬಿಕೆ. ಯಾರಿಗೆ ಮಾರುವುದು? ಗುರುಬಾಯಿಗೇ, ಯಮನೇ ಬಂದರೂ ಆಕೆಯ ಬಾಯಿ ಕೇಳಿ ವಾಪಸು ಹೋಗಬೇಕು! ಮೊರದಲ್ಲಿ ಮಲಗಿದ್ದ ಕೂಸನ್ನು ಹೊಸ್ತಿಲಾಚೆ ನಿಂತು ಎತ್ತಿಕೊಂಡು, ಗುರುಬಾಯಿ ಶಿವದೇವಿಯ ಕೈಗೆ ಚಾರ್‌ಮಿನಾರಿನ ಮುದ್ರೆಯಿದ್ದ ನಿಜಾಮನ ಕಾಲದ ಬೆಳ್ಳಿ ರೂಪಾಯಿ ಇಟ್ಟಳು. ‘ಇನ್ನ ಇದು ನನ್ನ ಕೂಸು. ನೀ ಬರೇ ಸಾಕಾಕಿ’ ಎಂದಳು.

ಅಕ್ಕಸಾಲಿ ಕೆಲಸದ ಪತ್ತಾರ ಬಂಡೆಪ್ಪ ಆ ರೂಪಾಯಿಗೆ ತೂತು ಕೊರೆದು ಕೂಸಿನ ಉಡದಾರಕ್ಕೆ ಪೋಣಿಸಿಕೊಟ್ಟ.

‘ಛಲೋ ರೂಪಾಯಿ ಹಾಳು ಮಾಡಿದಿ ನೋಡು!’ ಎಂದು ಗುರುಬಾಯಿ ರೇಗಿದಳು.

‘ಹಾಳು ಮಾಡಾಕಂತನ ತೂತು ಹಾಕೋದ್ರಿ, ಅಕ್ಕಾರ’ ಎಂದು ಬಂಡೆಪ್ಪ ನಕ್ಕ. ‘ನಾಳೆ ಮನ್ಯಾಗ ಅಡಚಣಿ ಬಂದ್ರ ಯಾರರೆ ಬಿಚ್ಚಿಕೊಂಡು ಬಜಾರಕ್ಕ ಒಯ್ತಾರ. ತೂತು ಬಿದ್ದದ್ದು ಯಾವ ಅಂಗಡ್ಯಾಗೂ ನಡಿಯಂಗಿಲ್ಲ. ಕೂಸಿನ ಬಿಟ್ಟು ಎಲ್ಲಿಗೂ ಹೋಗಂಗಿಲ್ಲ.’

ಆ ಮಾತು ಗುರುಬಾಯಿಯ ಮನಸ್ಸಿಗೆ ನಾಟಿತು.

ಕೂಸು ಉಳಿಯಿತು. ವನಜಾ ಎಂದು ಹೆಸರಿಟ್ಟರು. ಸ್ನಾನ, ಜಡೆ, ತುತ್ತು ಎಲ್ಲ ಶಿವದೇವಿಯ ಕೈಯಲ್ಲೇ. ಆದರೆ ವನಜಾ ಆಕೆಯನ್ನು ಕರೆಯುತ್ತಿದ್ದದ್ದು ಚಿಗವ್ವ ಎಂದು. ಅವ್ವಾ ಎಂದು ಓಡಿ ಬರುತ್ತಿದ್ದದ್ದು ಗುರುಬಾಯಿಯ ಒಲೆಯ ಹತ್ತಿರಕ್ಕೆ. ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೊಡುವಾಗ ಗುರುಬಾಯಿಗೆ ಸ್ವರ್ಗ ಮೂರೇ ಗೇಣು.

ವನಜಾ ಬೆಳೆದು ದೊಡ್ಡವಳಾದಳು, ಬೀದರಿನಲ್ಲಿ ಗಂಡು ಗೊತ್ತಾಯಿತು. ಅರಿಶಿನಕ್ಕೆ ಮೊದಲು ಹಡೆದವರು ಅದೇ ರೂಪಾಯಿ ತಿರುಗಿ ಕೊಟ್ಟು ಮಗಳನ್ನು ಬಿಡಿಸಿಕೊಳ್ಳಬೇಕು ಎಂಬುದು ಪದ್ಧತಿ. ಗುರುಬಾಯಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಶಿವದೇವಿ ಮತ್ತು ಆಕೆಯ ಗಂಡ ಮಲ್ಲಣ್ಣ ತಟ್ಟೆಯಲ್ಲಿ ರೂಪಾಯಿ ಇಟ್ಟುಕೊಂಡು, ವನಜಾಳನ್ನೂ ನೆರೆಹೊರೆಯವರನ್ನೂ ಕರೆದುಕೊಂಡು ಬಂದಾಗ ಗುರುಬಾಯಿ ಬಾಗಿಲಿಗೆ ಅಡ್ಡ ನಿಂತಳು. ಈಗ ತಾನು ಯಾರು? ರೊಟ್ಟಿ ಬಡಿಯುವ ಮುದುಕಿ, ಅಷ್ಟೇ.

‘ಇದೇನ್ರೀ ಮಲ್ಲಣ್ಣ?’ ಎಂದು ಸೊಂಟಕ್ಕೆ ಕೈಯಿಟ್ಟಳು. ‘ನಾ ಕೊಟ್ಟದ್ದು ಘಟ್ಟಿ ರೂಪಾಯಿ. ನೀವು ತೂತಿಂದು ತಂದೀರಿ. ಇದು ನಡಿಯಂಗಿಲ್ಲ. ಮಗಳನ್ನ ಕೊಡಂಗಿಲ್ಲ, ನಡೀರಿ!’

ನೆರೆದವರೆಲ್ಲ ಗೊಳ್ಳೆಂದು ನಕ್ಕರು. ಶಿವದೇವಿ ನಗಲಿಲ್ಲ.

‘ಅಕ್ಕಾ, ಆಕಿ ಗಂಡನ ಮನಿಗಿ ಹೊಂಟಾಳ. ಹೋಗೂದರಾಗ ಒಂದರೆ ಸಲ ನನಗ ಅವ್ವಾ ಅನ್ಲಿ.’

ಗುರುಬಾಯಿ ಸೊಂಟದ ಮೇಲಿನ ಕೈ ಇಳಿಸಿದಳು. ಅಯ್ಯೋ, ಹಡೆದವಳು ಇಷ್ಟು ವರ್ಷ ಪಕ್ಕದಲ್ಲೇ ಇದೊಂದು ಮಾತಿಗೆ ಹಸಿದು ಕೂತದ್ದು ತನ್ನ ಕಣ್ಣಿಗೆ ಬೀಳಲೇ ಇಲ್ಲವಲ್ಲ! ಆಕೆ ಕೈ ಚಾಚಿ ರೂಪಾಯಿ ತೆಗೆದುಕೊಂಡಳು. ‘ತಗೋ ತಂಗಿ, ನಿನ್ನ ಮಗಳನ್ನ’ ಎಂದಳು.

‘ಅವ್ವಾ’ ಎಂದಳು ವನಜಾ, ಶಿವದೇವಿಯ ಕಡೆ ತಿರುಗಿ. ಶಿವದೇವಿ ಮಗಳನ್ನು ತಬ್ಬಿಕೊಂಡು ಗಳಗಳ ಅತ್ತಳು.

‘ರೊಟ್ಟಿ ಸೀಯಾಕತ್ತಾವ’ ಎಂದು ಗುರುಬಾಯಿ ಒಳಗೆ ಹೊರಟಳು. ಆ ದಿನ ಆಕೆ ಒಲೆಯನ್ನೇ ಹಚ್ಚಿರಲಿಲ್ಲ. ವನಜಾ ಓಡಿ ಬಂದು ಆಕೆಯ ಸೆರಗು ಹಿಡಿದಳು, ಬಿಗಿದ ಮುಷ್ಟಿ ಬಿಡಿಸಿ ರೂಪಾಯಿ ಕಿತ್ತುಕೊಂಡಳು.

‘ಎಲ್ಲಿಗಿ ಹೊಂಟಿ? ತೂತಿಂದು ನಡಿಯಂಗಿಲ್ಲ ಅಂತ ಈಗ ನೀನ ಅಂದಿ. ಮತ್ತ ನನ್ನ ಹ್ಯಾಂಗ ಕೊಟ್ಟಿ? ಇದು ನನ್ನದು, ನಾ ಒಯ್ತೀನಿ.’

ಹೀಗೆ ಮಾಡಿದರೆ ಶಾಸ್ತ್ರ ಕೆಡುತ್ತದೆ ಎಂದು ಒಬ್ಬ ಹಿರಿಯರು ಗೊಣಗಿದರು. ಗುರುಬಾಯಿ ಕಣ್ಣು ಒರೆಸಿಕೊಂಡು ಅವರತ್ತ ಒಮ್ಮೆ ನೋಡಿದಳು. ಅವರು ಎರಡು ಹೆಜ್ಜೆ ಹಿಂದೆ ಸರಿದರು. ‘ಇರಲಿ ಬಿಡು ಅಕ್ಕಾ’ ಎಂದಳು ಶಿವದೇವಿ, ಅಳುತ್ತಲೇ ನಗುತ್ತ.

ಮದುವೆ ಮುಗಿದು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ರೈಲು ಹೊರಟಿತು. ವನಜಾಳ ಕೊರಳಲ್ಲಿ ಹೊಸ ತಾಳಿಯ ಪಕ್ಕ ಕರಿದಾರಕ್ಕೆ ಪೋಣಿಸಿದ ಆ ರೂಪಾಯಿ ಇತ್ತು. ಕಿಟಕಿಯಿಂದ ಕೈ ಚಾಚಿ ಆಕೆ ‘ಅವ್ವಾ!’ ಎಂದು ಕೂಗಿದಳು.

‘ಓ’ ಎಂದರು ಇಬ್ಬರೂ.